ಮೂವತ್ತೊಂದನೆಯ ಸಂಯುಕ್ತ

ಎರಡನೇ ಸಾಲಿನ ಹುಡುಗಿ ಪೆನ್ನಿನ ಕ್ಯಾಪು ಕಚ್ಚುತ್ತಿದ್ದಾಳೆ, ಕಚ್ಚಿ ಕಚ್ಚಿ ನೀಲಿ ಹೋಗಿ ತುದಿ ಬೆಳ್ಳಗಾಗಿದೆ, ಏಳನೆಯ ಪ್ರಶ್ನೆಗೆ ಬಂದು ನಿಂತಿರಬೇಕು, ಎಲ್ಲರೂ ಅಲ್ಲೇ ನಿಲ್ಲುತ್ತಾರೆ, ಪ್ರಶ್ನೆಪತ್ರಿಕೆ ತೆಗೆದವಳು ನಾನೇ ಅಲ್ಲವೇ ಎಂದುಕೊಳ್ಳುತ್ತ ಯಾಮಿನಿ ಡೆಸ್ಕುಗಳ ನಡುವೆ ಇನ್ನೊಂದು ಸುತ್ತು ಬಂದಳು, ಚಪ್ಪಲಿ ಸದ್ದಾಗದ ಹಾಗೆ, ಹನ್ನೆರಡನೇ ತರಗತಿಯ ಅರ್ಧವಾರ್ಷಿಕ, ಕೆಮಿಸ್ಟ್ರಿ, ಮೂವತ್ತಾರು ಬಗ್ಗಿದ ತಲೆಗಳು, ಎಸಿಯ ಗೊರಗೊರ, ಕಿಟಕಿಯಾಚೆ ಬೆಳಗಿನಿಂದಲೂ ಧೂಳು, ಕುವೈತಿನ ಅಬು ಹಲೀಫಾದ ಕಟ್ಟಡಗಳೆಲ್ಲ ರಾಗಿಗಂಜಿಯಲ್ಲಿ ಅದ್ದಿಟ್ಟ ಹಾಗೆ, ಗಡಿಯಾರದಲ್ಲಿ ಒಂಬತ್ತು ಗಂಟೆ ಹತ್ತು ನಿಮಿಷ, ಹನ್ನೊಂದಕ್ಕೆ ಪರೀಕ್ಷೆ ಮುಗಿಯುತ್ತದೆ, ಹನ್ನೆರಡಕ್ಕೆ ಆ ಕರೆ, ಬೆಂಗಳೂರಿನಲ್ಲಿ ಆಗ ಎರಡೂವರೆ, ವಿಚಾರಣಾ ಸಮಿತಿಯವರು ಊಟ ಮುಗಿಸಿ ಕೂತಿರುತ್ತಾರೆ. ಒಂದೇ ಪ್ರಶ್ನೆ ಎಂದು ಇಮೇಲಿನಲ್ಲಿ ಬರೆದಿದ್ದಾರೆ, ಮರ್ಯಾದೆಯಾಗಿಯೇ, ಡಾಕ್ಟರ್ ಯಾಮಿನಿ ಅವರಿಗೆ ಎಂದು ಶುರುಮಾಡಿ, ಹದಿನಾಲ್ಕು ವರ್ಷದ ಹಿಂದಿನ ನಿಮ್ಮ ಪ್ರಯೋಗದ ನೋಟ್‌ಬುಕ್ಕಿನಲ್ಲಿ, ನೀರಿನ ಬಾಟಲಿ ಸೋರಿ ಗೂಡು ನೆನೆದು ಮೂರು ಇಲಿಗಳು ಸತ್ತವು ಎಂದಿದೆ, ಆ ಬಾಟಲಿ ನಿಜವಾಗಿ ಸೋರಿತ್ತೇ. ಅಷ್ಟೇ. ಹೌದು ಅಥವಾ ಇಲ್ಲ, ಒಂದು ಅಂಕದ ಪ್ರಶ್ನೆ, ಇಲ್ಲಿ ಕೂತಿರುವ ಯಾರಾದರೂ ಅರ್ಧ ನಿಮಿಷದಲ್ಲಿ ಬರೆದು ಮುಗಿಸುವಂಥದ್ದು, ಆದರೆ ಅದರ ಕೆಳಗೆ ಇನ್ನೆರಡು ಸಾಲು ಇತ್ತು, ಆ ಎರಡು ಸಾಲನ್ನು ಅವಳು ಮೂರು ದಿನದಲ್ಲಿ ಎಷ್ಟು ಸಲ ಓದಿದ್ದಾಳೋ — ಸಂಜೀವ ಎಂಬವರು, ಅರವತ್ತಮೂರು ವರ್ಷ, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು, ಯಕೃತ್ತಿನ ಕ್ಯಾನ್ಸರಿಗೆ ಹೊಸ ಔಷಧದ ಪರೀಕ್ಷೆಯಲ್ಲಿ ಸೇರಿಕೊಂಡು, ಎರಡನೇ ಡೋಸು ಕೊಟ್ಟ ಮೂರನೇ ದಿನ ತೀರಿಕೊಂಡರು. ಆ ಔಷಧ ಮೊಟ್ಟಮೊದಲು ಕಣ್ಣುಬಿಟ್ಟದ್ದು ಯಾಮಿನಿಯ ಕೈಯಲ್ಲಿ, ಒಂದು ದುಂಡು ತಳದ ಫ್ಲಾಸ್ಕಿನಲ್ಲಿ, ಬೆಳ್ಳನೆಯ ಹುಡಿಯಾಗಿ.

ಅದಕ್ಕೆ ಹೆಸರಿರಲಿಲ್ಲ, ನಂಬರಿತ್ತು, ಮೂವತ್ತೊಂದು, ಅದಕ್ಕೆ ಮುಂಚಿನ ಮೂವತ್ತು ಸಂಯುಕ್ತಗಳೂ ಅವಳೇ ಮಾಡಿದವು, ಒಂದೊಂದಕ್ಕೂ ಎರಡು ವಾರ ಮೂರು ವಾರ, ಯಾವುದೂ ಕೂರಲಿಲ್ಲ, ಕೂರಲಿಲ್ಲ ಎಂದೇ ಅನಂತರಾಮು ಸರ್ ಹೇಳುತ್ತಿದ್ದದ್ದು, ಅವರು ಅವಳ ಗೈಡು, ಬಿಳಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ತೋರಿಸುತ್ತಿದ್ದರು, ನೋಡಮ್ಮ ಯಾಮಿನಿ, ಈ ಪ್ರೋಟೀನು ನಮ್ಮ ರಕ್ಷಣೆಯ ಕೋಶಗಳ ಒಳಗೆ ಹೀಗೆ ಬೊಗಸೆ ಒಡ್ಡಿಕೊಂಡು ಕೂತಿರತ್ತೆ, ವೈರಸ್ಸು ಹೊಕ್ಕಾಗ ಕೋಶವೇ ಒಂದು ಪುಟ್ಟ ಅಣು ಮಾಡಿ ಇದರೊಳಗೆ ಹಾಕತ್ತೆ, ಹಾಕಿದ ತಕ್ಷಣ ಬೊಗಸೆ ಮುಚ್ಚಿಕೊಳ್ಳತ್ತೆ, ಮುಚ್ಚಿಕೊಂಡರೆ ಕೋಶ ಕೂಗತ್ತೆ, ಸುತ್ತಮುತ್ತಲ ಕೋಶಗಳೆಲ್ಲ ಎದ್ದು ಓಡಿ ಬರ್ತವೆ, ಕ್ಯಾನ್ಸರ್ ಗಡ್ಡೆಯ ಹತ್ತಿರ ಮಾತ್ರ ಈ ಕೂಗು ಏಳೋದೇ ಇಲ್ಲ, ಅದಕ್ಕೆ ನಾವೇ ಹೊರಗಿನಿಂದ ಒಂದು ಅಣು ಮಾಡಿ ಬೊಗಸೆಗೆ ಹಾಕೋಣ, ಕೂಗಿಸೋಣ. ಮೂವತ್ತೊಂದು ಕೂತಿತು. ತಟ್ಟೆಯಲ್ಲಿ ಬೆಳೆಸಿದ ಕೋಶಗಳು ಕೂಗಿದವು, ಯಂತ್ರದ ಕಾಗದದ ಮೇಲೆ ಗೆರೆ ನೆಟ್ಟಗೆ ಮೇಲೆದ್ದಿತು, ಸರ್ ಆ ಕಾಗದ ಹಿಡಿದುಕೊಂಡು ಬಾಗಿಲ ಹತ್ತಿರ ಬೆಳಕಿಗೆ ಹೋದರು, ಬೆನ್ನು ಮಾಡಿ ನಿಂತರು, ಬಹಳ ಹೊತ್ತು ಈ ಕಡೆ ತಿರುಗಲಿಲ್ಲ, ತಿರುಗಿದಾಗ ಕಣ್ಣು ಒರೆಸಿಕೊಂಡದ್ದು ಗೊತ್ತಾಗುತ್ತಿತ್ತು, ರಾಜಮ್ಮನಿಗೆ ಹೇಳಬೇಕು ಅಂದರು.

ರಾಜಮ್ಮ ಅವರ ಹೆಂಡತಿ — ಭಾನುವಾರಗಳಲ್ಲಿ ಲ್ಯಾಬಿಗೆ ಸ್ಟೀಲ್ ಕ್ಯಾರಿಯರ್‌ನಲ್ಲಿ ಚಿತ್ರಾನ್ನ ತರುತ್ತಿದ್ದವರು, ಎರಡೇ ವರ್ಷ ಮುಂಚೆ ಮಾಳಿಗೆ ಮೆಟ್ಟಿಲು ಓಡಿ ಹತ್ತುತ್ತಿದ್ದವರು, ಆ ಹೊತ್ತಿಗೆ ಎದೆಯಲ್ಲಿ ಶುರುವಾದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದು ಕುರ್ಚಿಯಲ್ಲಿ ದಿಂಬು ಇಟ್ಟುಕೊಂಡೇ ಕೂರುತ್ತಿದ್ದರು, ಆದರೂ ಕೇಳುತ್ತಿದ್ದರು, ಎಲ್ಲಿಗೆ ಬಂತಮ್ಮ ನಿಮ್ಮ ಮೂವತ್ತೊಂದು, ತಮ್ಮ ಮೊಮ್ಮಗುವಿನ ಹೆಜ್ಜೆ ಕೇಳುವ ಹಾಗೆ ಕೇಳುತ್ತಿದ್ದರು, ಸರ್ ಮುಖ ತಗ್ಗಿಸಿಕೊಂಡು ಮಜ್ಜಿಗೆ ಕಲಸುತ್ತಿದ್ದರು. ಅವಳಿಗೆ ಸಮಯ ಇಲ್ಲ ಯಾಮಿನಿ, ಎಂದು ಒಂದು ಸಲ ಮಾತ್ರ ಅಂದರು. ನನಗೂ ಇರಲಿಲ್ಲ ಸಮಯ, ಎಂದು ಯಾಮಿನಿ ಈಗ ತನಗೇ ಹೇಳಿಕೊಳ್ಳುತ್ತಾಳೆ, ಮದುವೆ ನಿಶ್ಚಯವಾಗಿತ್ತು, ಪ್ರೀತಮ್ ಆಗಲೇ ಕುವೈತ್ ಸಿಟಿಯ ಬ್ಯಾಂಕಿಗೆ ಸೇರಿ ಫಿಂಟಾಸ್‌ನಲ್ಲಿ ಮನೆ ಹಿಡಿದಿದ್ದ, ಜೂನಿನೊಳಗೆ ಥೀಸಿಸ್ ಕೊಡದಿದ್ದರೆ ಇನ್ನೊಂದು ವರ್ಷ, ಕೊನೆಯ ಪ್ರಯೋಗ ಒಂದೇ ಬಾಕಿ, ಮೂರು ಗುಂಪು ಇಲಿ, ಮೂರು ಡೋಸು, ಆದರೆ ಆ ತಿಂಗಳು ಎಳೆಯ ಇಲಿಗಳ ಸರಬರಾಜು ಬರಲಿಲ್ಲ, ಅನಿಮಲ್ ಹೌಸ್ ನೋಡಿಕೊಳ್ಳುತ್ತಿದ್ದ ಮಲಕಾಜಪ್ಪ, ಮುದುಕ ಇಲಿ ಅದಾವ್ರಿ ಮೇಡಮ್, ಮರಿ ಹಾಕಿ ಮುಗದ್ವು, ಬೇಕಾದ್ರ ತಗೋರಿ ಅಂದ, ನಡುವಿನ ಡೋಸಿಗೆ ಅವನ್ನೇ ಹಾಕಿಕೊಂಡಳು, ಎಂಟು, ಒಂದು ಗೂಡಿನಲ್ಲಿ ಐದು, ಇನ್ನೊಂದರಲ್ಲಿ ಮೂರು, ಮೈಮೇಲೆ ಕೂದಲು ಸ್ವಲ್ಪ ಮಾಸಿದ್ದವು. ಸೋಮವಾರ ಬೆಳಿಗ್ಗೆ ಹೋದರೆ ಆ ಮೂರೂ ಸತ್ತಿವೆ. ನಡುವಿನ ಡೋಸಿಗೆ ಸಾಯಬಾರದು. ಎಳೆಯವು ಅದರ ಎರಡರಷ್ಟು ತೆಗೆದುಕೊಂಡು ಪಕ್ಕದ ಗೂಡಿನಲ್ಲಿ ಓಡಾಡುತ್ತಿವೆ. ಸರ್‌ನ ಕರೆದು ತೋರಿಸಿದಳು, ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿ, ಬಾಟಲಿ ಸೋರಿರಬೇಕು ಎಂದರು. ಇಲ್ಲ ಸರ್, ಹೊಟ್ಟು ಒಣಗಿಯೇ ಇದೆ ಎಂದಳು, ಗೂಡಿಗೆ ಹಾಸಿದ ಭತ್ತದ ಹೊಟ್ಟು, ಹಿಡಿಯಲ್ಲಿ ತೆಗೆದು ತೋರಿಸಿದಳು ಕೂಡ, ಬೆರಳ ಸಂದಿನಿಂದ ಉದುರಿತು, ಬಾಟಲಿಯಲ್ಲಿ ನೀರು ಕುತ್ತಿಗೆವರೆಗೆ ಇತ್ತು. ಸೋರಿರಬೇಕು, ಎಂದರು ಸರ್ ಮತ್ತೆ, ಅದೇ ಮೆಲ್ಲನೆಯ ದನಿ, ಮುದಿ ಇಲಿಗಳಮ್ಮ, ಚಳಿ ತಡೆಯಲ್ಲ ಅವು, ಕೈ ತೊಳೆದುಕೊಂಡು ಹೋದರು. ಅವರು ಸೋರಿರಬೇಕು ಎಂದರು, ಅವಳು ಸೋರಿತ್ತು ಎಂದು ಬರೆದಳು. ಒಂದು ಸಾಲು, ನೀಲಿ ಇಂಕು, ಕೆಳಗೆ ತಾರೀಖು, ಸಹಿ. ಸತ್ತ ಮೂರನ್ನು ಲೆಕ್ಕದಿಂದ ತೆಗೆದರು. ಆಮೇಲೆ ಕಂಪನಿ ಬಂತು, ಬೇರೆ ಲ್ಯಾಬುಗಳು ಬಂದವು, ಎಲ್ಲರೂ ಎಳೆಯ ಇಲಿಗಳ ಮೇಲೇ ಪರೀಕ್ಷೆ ಮಾಡಿದರು, ಎಲ್ಲವೂ ಬದುಕಿದವು, ವಯಸ್ಸಾದ ಮೈಯಲ್ಲಿ ಆ ಬೊಗಸೆ ಮುಚ್ಚಿಕೊಂಡರೆ ಕೂಗು ನಿಲ್ಲುವುದೇ ಇಲ್ಲ, ಮೈಯ ಕೋಶಗಳೆಲ್ಲ ಎದ್ದು ಮೈಯ ಮೇಲೇ ಬೀಳುತ್ತವೆ ಎಂದು ಯಾರಿಗೆ ಗೊತ್ತಾಗಬೇಕು, ಗೊತ್ತಾಗುವುದಕ್ಕೆ ಇದ್ದದ್ದು ಆ ಮೂರೇ. ರಾಜಮ್ಮ ಆ ಅಕ್ಟೋಬರಿನಲ್ಲಿ ಹೋದರು. ಯಾಮಿನಿ ಆಗ ಇಲ್ಲಿದ್ದಳು, ಫೋನಿನಲ್ಲಿ ಅತ್ತಳು.

ಮ್ಯಾಮ್, ಎಕ್ಸ್‌ಟ್ರಾ ಶೀಟ್, ಎಂದು ಹಿಂದಿನಿಂದ ಯಾರೋ ಕೈ ಎತ್ತಿದರು, ಕೊಟ್ಟು ಬಂದಳು, ದಾರ ಕೊಟ್ಟಳು, ಗಡಿಯಾರ ಹತ್ತೂಕಾಲು, ಫೋನುಗಳೆಲ್ಲ ಆಫೀಸಿನ ಡಬ್ಬಿಯಲ್ಲಿವೆ, ಪ್ರೀತಮ್ ಮೆಸೇಜು ಹಾಕಿರುತ್ತಾನೆ, ಹಾಕಿಯೇ ಇರುತ್ತಾನೆ, ನಿನ್ನೆ ಸಂಜೆ ಸೂಪರ್‌ಮಾರ್ಕೆಟ್ಟಿನಿಂದ ಬರುವಾಗ ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು, ಅವನು ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತ, ನೋಡು ಯಾಮಿ, ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ, ಜ್ಞಾಪಕ ಇಲ್ಲ ಅನ್ನು, ಹದಿನಾಲ್ಕು ವರ್ಷ ಆಯ್ತು, ಯಾರಿಗಿರತ್ತೆ ಜ್ಞಾಪಕ, ಅಂದ. ನನಗಿದೆ ಅಂದಳು. ಇರಲಿ, ಇದ್ರೆ ಇರಲಿ, ಆದ್ರೆ ಆ ಡಿಗ್ರಿ ವಾಪಸ್ ತಗೊಂಡ್ರೆ, ಅದನ್ನೇ ಅಟೆಸ್ಟ್ ಮಾಡಿಸಿ ಸ್ಕೂಲಿಗೆ ಕೊಟ್ಟಿದ್ದೀಯ, ಇಲ್ಲಿರೋಕೆ ಇರೋ ನಿನ್ನ ಇಕಾಮಾ ಅವರ ಮೇಲಿದೆ, ಒಂದು ದಿನ ಕರೆದು ಖಲಾಸ್ ಅಂದ್ರೆ ಏನ್ಮಾಡ್ತೀಯ, ಅಂದ, ದನಿ ಎತ್ತಲಿಲ್ಲ, ಅವನು ಹೆದರಿದಾಗ ದನಿ ಇನ್ನೂ ಕೆಳಗಿಳಿಯುತ್ತದೆ, ಹದಿನಾಲ್ಕು ವರ್ಷ ಜೊತೆಗೆ ತರಕಾರಿ ಹೆಚ್ಚಿದವಳಿಗೆ ಅದು ಗೊತ್ತು, ಹಿಂದಿನ ಸೀಟಿನಿಂದ ಅನಘಾ, ಅಮ್ಮಾ, ಆರ್ ಯು ಇನ್ ಟ್ರಬಲ್, ಎಂದು ಕೇಳಿದಳು, ಒಂಬತ್ತು ವರ್ಷದ ಮಗು, ಕನ್ನಡದಲ್ಲಿ ಏನೇ ಗುಟ್ಟು ಮಾತಾಡಿದರೂ ಎಲ್ಲ ತಿಳಿದುಕೊಂಡು ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾಳೆ, ಇಲ್ಲ ಪುಟ್ಟಾ ಎಂದಳು ಯಾಮಿನಿ, ಎಷ್ಟು ಸಲೀಸಾಗಿ ಬಂತು ಆ ಇಲ್ಲ. ಮೊನ್ನೆ ಶುಕ್ರವಾರ ಬೆಳಿಗ್ಗೆ ಸರ್ ಫೋನು ಮಾಡಿದ್ದರು, ಬಟ್ಟೆ ಮಡಚುತ್ತಿದ್ದಳು, ಏಳು ವರ್ಷದ ಮೇಲೆ ಆ ದನಿ, ತಿಂಡಿ ಆಯ್ತೇನಮ್ಮ, ಮಗಳು ಎಷ್ಟನೇ ಕ್ಲಾಸು, ಅಲ್ಲಿ ಈಗಲೂ ಸೆಕೆಯೇ, ಎಲ್ಲ ಕೇಳಿದರು, ಮಂಡಿ ಆಪರೇಷನ್ ಆದದ್ದು ಹೇಳಿದರು, ಆಮೇಲೆ, ಬಾಟಲಿ ಸೋರಿತ್ತು ಅಂತ ನಿನ್ನ ಅಕ್ಷರದಲ್ಲಿದೆ ಯಾಮಿನಿ, ನಾನು ಆ ಪುಟ ಓದಿ ಸಹಿ ಹಾಕಿದೆ, ನೀನು ಬರೆದದ್ದನ್ನು ನಂಬಿದೆ, ಸಮಿತಿ ಮುಂದೆ ನಾನು ಹಾಗೇ ಹೇಳೋದು. ಆಗಲಿ ಸರ್ ಎಂದಳು, ಅಭ್ಯಾಸ, ಹದಿನಾಲ್ಕು ವರ್ಷದ ಮೇಲೂ ಬಾಯಿಗೆ ಅದೇ ಬಂತು. ಆಗ ರಾಜಮ್ಮ ಇದ್ದಳಲ್ಲಮ್ಮ, ಎಂದರು ಅವರು ಕೊನೆಗೆ, ಅದು ಬೆದರಿಕೆಯ ಮಾತಲ್ಲ, ಕೋಪವೂ ಅಲ್ಲ, ಎಪ್ಪತ್ತೆರಡರ ಮುದುಕ ಗೋಡೆಗೆ ಹೇಳಿದ ಹಾಗೆ ಹೇಳಿದರು, ಅದಕ್ಕೇ ಅವಳು ಸಿಟ್ಟಾಗುವುದಕ್ಕೂ ಆಗದೆ ಅನಘಾಳ ಯೂನಿಫಾರ್ಮಿನ ಅಂಗಿಯನ್ನು ಮೂರು ಸಲ ಬಿಚ್ಚಿ ಮಡಚಿದಳು. ಮಲಕಾಜಪ್ಪನ ರಿಜಿಸ್ಟರು ಸಿಕ್ಕಿದೆಯಂತೆ, ಅದನ್ನು ಸರ್ ಹೇಳಲಿಲ್ಲ, ಇಮೇಲಿನ ಜೊತೆಗೆ ಅದರ ಫೋಟೋ ಇತ್ತು, ಅವನು ಯಾವಾಗಲೋ ತೀರಿಕೊಂಡಿದ್ದಾನೆ, ಆ ಸೋಮವಾರದ ಸಾಲಿನಲ್ಲಿ ಡೊಂಕು ಅಕ್ಷರ, ಬಾಟ್ಲಿ ಸರಿ ಅದ.

ಹನ್ನೊಂದು. ಪೆನ್ ಕೆಳಗಿಡಿ ಎಂದಳು, ಕಾಗದ ಕೂಡಿಸಿದಳು, ಎಣಿಸಿದಳು, ಮೂವತ್ತೈದು ಬಂತು, ಮತ್ತೆ ಎಣಿಸಿದಳು, ಮೂವತ್ತಾರು, ಸ್ಟಾಫ್ ರೂಮಿನಲ್ಲಿ ಮೊಲ್ಲಿ ಟೀ ಹಿಡಿದು ಕೂತಿದ್ದಳು, ಬಯಾಲಜಿ ಟೀಚರು, ಮಂಗಳೂರಿನ ಕಡೆಯವಳು, ಎಂತ ಯಾಮಿನಿ, ಮುಖ ಹೀಗೆ ಉಂಟು, ಜ್ವರವಾ ಎಂದು ಹಣೆ ಮುಟ್ಟಿದಳು, ಯಾಮಿನಿ ಸ್ವಲ್ಪ ಹಿಂದೆ ಸರಿದಳು, ಒಂದು ಕಾಲ್ ಇದೆ, ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೂರ್ತೀನಿ, ಯಾರೂ ಬರದ ಹಾಗೆ ನೋಡ್ಕೊ ಎಂದಳು, ಮೊಲ್ಲಿ ಏನೂ ಕೇಳದೆ ಬೀಗದ ಕೈ ಕೊಟ್ಟಳು, ಮತ್ತೆ ಏನೋ ನೆನಪಾದಂತೆ ಅರ್ಧ ಕುಡಿದ ಟೀಯನ್ನೂ ಕೊಟ್ಟಳು, ಇದು ಇಟ್ಕೋ, ಖಾಲಿ ಹೊಟ್ಟೆಯಲ್ಲಿ ಮಾತಾಡ್ಬೇಡ. ಪ್ರೀತಮ್‌ನ ಮೆಸೇಜು ಮೂರಿದ್ದವು, ಮೂರನೆಯದರಲ್ಲಿ ಬರೀ, ನೀನು ಹೇಗೆ ಹೇಳಿದರೂ ಸಂಜೆ ಕರ್ಕೊಂಡ್ ಹೋಗೋಕೆ ಬರ್ತೀನಿ, ಎಂದಿತ್ತು, ಅದನ್ನು ಎರಡು ಸಲ ಓದಿದಳು. ಲ್ಯಾಬಿನಲ್ಲಿ ಸ್ಪಿರಿಟ್ ವಾಸನೆ, ಕಿಟಕಿಗೆ ಧೂಳು, ಸರಿಯಾಗಿ ಹನ್ನೆರಡಕ್ಕೆ ಲ್ಯಾಪ್‌ಟಾಪಿನಲ್ಲಿ ನಾಲ್ಕು ಚೌಕ ತೆರೆದವು, ಮೂರರಲ್ಲಿ ಸಮಿತಿಯವರು, ನಡುವಿನ ಹೆಂಗಸು ಅಧ್ಯಕ್ಷೆ, ನಿವೃತ್ತ ವೈದ್ಯೆ, ಬಿಳಿ ಕೂದಲು ಬಿಗಿಯಾಗಿ ಕಟ್ಟಿದವರು, ನಾಲ್ಕನೆಯದರಲ್ಲಿ ಒಂದು ಕೋಣೆಯ ಮೂಲೆ, ಸೆರಗು ತಲೆಯ ಮೇಲೆ ಹೊದ್ದ ಒಬ್ಬ ಹೆಂಗಸು ಕ್ಯಾಮೆರಾಗೆ ಬಹಳ ಹತ್ತಿರ ಕೂತಿದ್ದಾಳೆ, ಇವರು ಮಂಗಳಾ, ಸಂಜೀವ ಅವರ ಪತ್ನಿ, ಕುಟುಂಬದವರು ಕೇಳಿಸಿಕೊಳ್ಳಬೇಕೆಂದು ನಿಯಮವಿದೆ ಎಂದರು ಅಧ್ಯಕ್ಷೆ, ಯಾಮಿನಿ ಕೈ ಮುಗಿದಳು, ಆಕೆಯೂ ಮುಗಿದಳು. ಡಾಕ್ಟರ್ ಯಾಮಿನಿ, ಆ ಬಾಟಲಿ ಸೋರಿತ್ತೇ. ಜ್ಞಾಪಕ ಇಲ್ಲ, ಎನ್ನುವ ಎರಡು ಪದ ನಾಲಿಗೆಯ ತುದಿಗೆ ಬಂದು ನಿಂತಿದ್ದವು, ಸಿದ್ಧವಾಗಿ, ಪ್ರೀತಮ್‌ನ ದನಿಯಲ್ಲಿ, ಅವಳು ಟೀ ಲೋಟ ಪಕ್ಕಕ್ಕಿಟ್ಟಳು. ಇಲ್ಲ, ಸೋರಿರಲಿಲ್ಲ ಎಂದಳು. ಹೊಟ್ಟು ಒಣಗಿತ್ತು, ಬಾಟಲಿ ತುಂಬಿತ್ತು, ಅವು ಮುದಿ ಇಲಿಗಳು, ಔಷಧದಿಂದಲೇ ಸತ್ತವು, ನನಗೆ ಆಗಲೇ ಗೊತ್ತಿತ್ತು. ಹಾಗಿದ್ದರೆ ಹೀಗೆ ಯಾಕೆ ಬರೆದಿರಿ, ಯಾರಾದರೂ ಹೇಳಿದರೇ. ಅನಂತರಾಮು ಸರ್ ಸೋರಿರಬೇಕು ಎಂದರು, ಅವರ ಹೆಂಡತಿಗೆ ಕ್ಯಾನ್ಸರ್ ಇತ್ತು, ಅವರಿಗೆ ಅವಸರವಿತ್ತು, ಆದರೆ ಒಣಗಿದ ಹೊಟ್ಟು ಕೈಯಲ್ಲಿ ಹಿಡಿದದ್ದು ನಾನು, ಸೋರಿತ್ತು ಎಂದು ಬರೆದದ್ದೂ ನಾನು, ನನಗೆ ಮದುವೆ ಇತ್ತು, ಇಲ್ಲಿಗೆ ಬರಬೇಕಿತ್ತು. ಹೇಳುತ್ತಿದ್ದ ಹಾಗೆ ಅದು ಎಷ್ಟು ಸಣ್ಣ ಕಾರಣ ಎಂದು ಕೇಳಿಸಿತು, ತನ್ನ ಕಿವಿಗೇ. ಅಧ್ಯಕ್ಷೆ ಬರೆದುಕೊಂಡರು, ಹೇಳಿಕೆ ಕಳಿಸುತ್ತೇವೆ, ಸಹಿ ಮಾಡಿ, ಔಷಧದ ಪರೀಕ್ಷೆಯನ್ನು ಇವತ್ತೇ ಎಲ್ಲ ಕಡೆ ನಿಲ್ಲಿಸಲು ತಿಳಿಸುತ್ತೇವೆ, ಇನ್ನೂ ಹನ್ನೊಂದು ಜನ ಮುಂದಿನ ವಾರದ ಡೋಸಿಗೆ ಕಾಯುತ್ತಿದ್ದರು, ನಿಮ್ಮ ಪದವಿಯ ವಿಷಯ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಆಗಲಿ ಎಂದಳು. ಹನ್ನೊಂದು ಜನ. ಅವರಲ್ಲಿ ಎಷ್ಟು ಮಂದಿ ಅರವತ್ತು ದಾಟಿದವರೋ.

ಕುಟುಂಬದವರು ಏನಾದರೂ ಕೇಳುವುದಿದೆಯೇ ಎಂದರು ಅಧ್ಯಕ್ಷೆ, ಬೈಯುತ್ತಾಳೆ, ಬೈಯಲಿ, ಎಂದು ಯಾಮಿನಿ ಕಾದಳು, ಮಂಗಳಾ ಸೆರಗು ಸರಿಮಾಡಿಕೊಂಡಳು, ಅಕ್ಕಾರ, ನೀವು ಖರೇ ಹೇಳಿದ್ರಿ, ಅದು ನನಗ ತಿಳೀತು, ಒಂದ ಮಾತ ಕೇಳಲೇನ್ರಿ ಅಂದಳು, ಆ ಇಲಿ ಸಾಯೂ ಮುಂದ ಏನ್ ಮಾಡಿದ್ವು, ನೀವು ನೋಡೀರೇನು. ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಸರ್ ಕೇಳಿರಲಿಲ್ಲ, ನೋಟ್‌ಬುಕ್ಕಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಆದರೆ ನೋಡಿದ್ದಳು, ಭಾನುವಾರ ಸಂಜೆ ಐದು ನಿಮಿಷ ಹೋಗಿದ್ದಳು, ಚಿಕ್ಕಪೇಟೆಗೆ ಸೀರೆ ತೆಗೆಯಲು ಅಮ್ಮ ಆಟೋದಲ್ಲಿ ಕಾಯುತ್ತಿದ್ದರು, ಗೂಡಿನೊಳಗೆ ಬಗ್ಗಿ ನೋಡಿ, ನಾಳೆ ನೋಡೋಣ ಎಂದು ಬಾಗಿಲು ಎಳೆದುಕೊಂಡು ಬಂದಿದ್ದಳು, ಅದನ್ನು ಇವತ್ತಿನವರೆಗೆ ತನಗೂ ಹೇಳಿಕೊಂಡಿರಲಿಲ್ಲ. ನೋಡಿದ್ದೆ ಎಂದಳು, ಮೂರೂ ಒಂದು ಮೂಲೆಗೆ ಸೇರಿಕೊಂಡಿದ್ದವು, ಒಂದರ ಮೇಲೊಂದು ಒತ್ತಿಕೊಂಡು, ಕೂದಲು ನೆಟ್ಟಗೆ ನಿಂತಿತ್ತು, ನಡುಗುತ್ತಿದ್ದವು, ಮಿಕ್ಕ ಗೂಡೆಲ್ಲ ಖಾಲಿ ಬಿಟ್ಟಿದ್ದವು. ಮಂಗಳಾ ತಲೆ ಆಡಿಸಿದಳು, ಬಹಳ ಹೊತ್ತು ಆಡಿಸುತ್ತಲೇ ಇದ್ದಳು, ನಮ್ಮವ್ರೂ ಹಂಗ ಮಾಡಿದ್ರಿ ಅಂದಳು, ಮಂಚ ದೊಡ್ಡದಿತ್ತು, ಸರದು ಸರದು ಗ್ವಾಡಿಗೆ ಹತ್ತಿಕೊಂಡು ಮುದ್ದಿ ಆಗಿ ಮಲಗಿದ್ರು, ತಲಿ ಬಡೀತೈತಿ ಇತ್ತಾಗ ಬರ್ರಿ ಅಂದ್ರ ಕೇಳಲಿಲ್ಲ, ನೀನೂ ಬಾ, ಮಗ್ಗಲಾಗ ಮಲಕೋ, ಚಳಿ ಆಗ್ತೈತಿ ಅಂದ್ರು, ಮಂಚದ ಮ್ಯಾಲ ಕೂಡಬ್ಯಾಡ್ರಿ ಅಂತ ನರ್ಸಬಾಯಿ ಹೇಳಿದ್ಲು, ನಾ ಕುರ್ಚಿ ಮ್ಯಾಲನ ಕೂತೆ, ಬೆಳಗಾಗೂತನಕ ಅರ್ಧಾ ಮಂಚ ಖಾಲಿನ ಇತ್ರಿ. ಚೌಕಗಳು ಒಂದೊಂದಾಗಿ ಮುಚ್ಚಿದವು, ಲ್ಯಾಪ್‌ಟಾಪ್ ಕಪ್ಪಾಯಿತು, ಹೊರಗೆ ಬಸ್ಸುಗಳು ಸಾಲಾಗಿ ಶುರುವಾಗುತ್ತಿವೆ, ಯಲ್ಲಾ ಯಲ್ಲಾ ಎನ್ನುತ್ತಿದ್ದಾನೆ ಡ್ರೈವರು, ಮೊಲ್ಲಿ ಬಾಗಿಲು ತಟ್ಟಿ ಯಾಮಿನಿ ಎಂದು ಕರೆಯುತ್ತಿದ್ದಾಳೆ, ಎದ್ದು ತೆಗೆಯಬೇಕು, ಪ್ರೀತಮ್‌ಗೆ ಹೇಳಬೇಕು, ಪ್ರಿನ್ಸಿಪಾಲರ ಹತ್ತಿರ ತಾನೇ ಮುಂಚೆ ಹೋಗಬೇಕು, ಅನಘಾಳಿಗೆ, ಹೌದು ಪುಟ್ಟಾ, ಎನ್ನಬೇಕು, ಎಷ್ಟೊಂದು ಇದೆ ಮಾಡುವುದು, ಆದರೆ ಬೆಳ್ಳನೆಯ ಬೆಡ್‌ಶೀಟು, ಗೋಡೆಯ ಕಡೆಗೆ ಮುದುಡಿದ ಬೆನ್ನು, ಈಚೆ ಸುಕ್ಕಿಲ್ಲದೆ ಬಿಡಿಸಿಟ್ಟ ಆ ಅರ್ಧ, ಪಕ್ಕದಲ್ಲೇ ಕುರ್ಚಿ, ಒಂದು ಗೇಣು ದೂರ, ಎದ್ದು ಹೋಗಬೇಕು, ಮೊಲ್ಲಿ ಕರೆಯುತ್ತಿದ್ದಾಳೆ, ಆ ಅರ್ಧ ಮಂಚ, ನೀನೂ ಬಾ, ಸುಕ್ಕಿಲ್ಲದ ಬೆಡ್‌ಶೀಟು, ಖಾಲಿ, ಬೆಳಗಾಗುವವರೆಗೆ, ಆ ಅರ್ಧ ಮಂಚ